ಗವಸು ಬಿಚ್ಚದ ದಿಂಬು

ಯಾವ ಊರಿಗೆ ಹೋದರೂ ಅವಳು ಮೊದಲು ನೋಡುವುದು ದಿಂಬು. ಆಮೇಲೆ ಹಾಸಿಗೆ, ಆಮೇಲೆ ರಜಾಯಿ. ಕಿಟಕಿ, ನಲ್ಲಿ, ಕನ್ನಡಿ ಎಲ್ಲ ಆಮೇಲಿನ ಮಾತು.

ಅವಳು ಕರ್ಟನ್ ಹೊಲಿಯುವವಳು. ಗಂಡ ಟೈಲ್ಸ್ ಕೂರಿಸುವವನು. ಹೊಸ ಲಾಡ್ಜ್ ಎಲ್ಲಿ ಎದ್ದರೂ ಇಬ್ಬರಿಗೂ ಕೆಲಸ. ಬಚ್ಚಲಿಗೆ ಅವನು, ಕಿಟಕಿಗೆ ಇವಳು. ಕೆಲಸ ಮುಗಿಯುವವರೆಗೆ ಮಾಲೀಕರು ಒಂದು ರೂಮು ಬಿಟ್ಟುಕೊಡುತ್ತಿದ್ದರು. ಮದುವೆಯಾದ ಹೊಸತರಲ್ಲಿ ಅಂಥದೊಂದು ರೂಮಿನಲ್ಲಿ ಮೆತ್ತನೆಯ ದಿಂಬಿಗೆ ತಲೆ ಕೊಟ್ಟಳು. ಬೆಳಗ್ಗೆ ಎದ್ದರೆ ಕಣ್ಣು ಊದಿಕೊಂಡಿತ್ತು, ಮೂಗು ಕಟ್ಟಿತ್ತು, ಎದೆಯೊಳಗೆ ಯಾರೋ ಸೀಟಿ ಊದಿದ ಹಾಗೆ ಸದ್ದು. ದಿಂಬಿನೊಳಗೆ ಏನಿತ್ತು ಎಂದು ಡಾಕ್ಟರು ಕೇಳಿದರು. ಬಾತುಕೋಳಿ ಪುಕ್ಕ. "ಅದು ನಿಮಗೆ ಆಗಿಬರಲ್ಲ. ಪುಕ್ಕ ಇರೋ ಕಡೆ ಮಲಗಬೇಡಿ," ಎಂದರು. ಅಷ್ಟೇ.

ಅವತ್ತಿನಿಂದ ಗಂಡ ಅದನ್ನು ತನ್ನ ಕೆಲಸ ಮಾಡಿಕೊಂಡ. ಯಾವ ರೂಮಿಗೆ ಹೋದರೂ ಅವಳು ಬಾಗಿಲ ಹೊರಗೆ ನಿಲ್ಲಬೇಕು. ಅವನು ಒಳಗೆ ಹೋಗಿ ದಿಂಬಿನ ಮೂಲೆ ಹಿಂಡಿ ನೋಡುವನು. ಗರಿಯ ಕಡ್ಡಿ ಇದ್ದರೆ ಬೆರಳಿಗೆ ಚುಚ್ಚುತ್ತದೆ. ಕಿವಿಯ ಹತ್ತಿರ ಹಿಡಿದು ಅಮುಕುವನು. ಪುಕ್ಕವಾದರೆ ಸರಸರ ಅನ್ನುತ್ತದೆ. ರಜಾಯಿ ಎತ್ತಿದರೆ ಹಗುರ, ಹೊದ್ದರೆ ಬೆಂಕಿ, ಹಾಗಿದ್ದರೆ ಅದೂ ಹೊರಗೆ. ಎಲ್ಲವನ್ನೂ ಕೆಳಗೆ ಕೌಂಟರಿಗೆ ಒಪ್ಪಿಸಿ, ಕಿಟಕಿ ತೆರೆದು, ಮನೆಯಿಂದ ತಂದ ಬೆಡ್‌ಶೀಟು ಹಾಸಿ, ಬಾಗಿಲಿಗೆ ಬಂದು ಸಲಾಮು ಹೊಡೆಯುವನು.

"ಇನ್ಸ್‌ಪೆಕ್ಟ್ರೇ, ಒಳಗೆ ಬರಬಹುದು."

ದಿಂಬೂ ಮನೆಯದೇ. ಇಬ್ಬರದಕ್ಕೂ ಅವಳೇ ಹತ್ತಿ ತುಂಬಿ ಹೊಲಿದಿದ್ದಳು, ಕೆಲಸದಲ್ಲಿ ಉಳಿದ ಹೂವಿನ ಬಟ್ಟೆಯಲ್ಲಿ. ಮೇಲೆ ಬಿಳಿ ಗವಸು.

ಅವಳ ಉಸಿರಿಗೆ ಅಷ್ಟು ಕಾವಲು ಕಾದವನು ತನ್ನ ಮೂಗಿಗೆ ಒಂದು ಬಟ್ಟೆ ಕಟ್ಟಲಿಲ್ಲ. ಹೇಳಿದರೆ ಸೆಕೆ ಅನ್ನುತ್ತಿದ್ದ. ಟೈಲ್ಸ್ ಕುಯ್ದ ಧೂಳು ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಮಲಗಿದ, ಏಳಲಿಲ್ಲ. ಅವನ ಬಟ್ಟೆ, ಲೋಟ, ಮನೆಯಿಂದ ಒಯ್ದಿದ್ದ ದಿಂಬು ಒಂದು ಚೀಲದಲ್ಲಿ ಮನೆಗೆ ಬಂದವು.

ಆ ದಿಂಬಿನ ಮೇಲೇ ಅವಳು ಮಲಗಿದಳು. ಗವಸು ಒಗೆಯಲಿಲ್ಲ, ಬಿಚ್ಚಲೂ ಇಲ್ಲ. ಅದರಲ್ಲಿ ಅವನ ತಲೆಯ ಎಣ್ಣೆ ವಾಸನೆ ಇತ್ತು. ದಿಂಬು ಮೊದಲಿಗಿಂತ ಮೆತ್ತಗಿತ್ತು. ಅವನು ತಲೆ ಇಟ್ಟು ಇಟ್ಟು ಮೆತ್ತಗಾಗಿದೆ ಅಂದುಕೊಂಡಳು. ಹತ್ತಿ ಒತ್ತಿದಷ್ಟೂ ಗಟ್ಟಿಯಾಗುತ್ತದೆ. ಅದು ಅವಳಿಗೆ ಗೊತ್ತು. ಆದರೂ ಹಾಗೇ ಅಂದುಕೊಂಡಳು.

ಬರಬರುತ್ತಾ ಅವಳ ಎದೆಯಲ್ಲೂ ಸೀಟಿ ಶುರುವಾಯಿತು. ಪುಕ್ಕದ ನೆನಪೇ ಬರಲಿಲ್ಲ. ಪುಕ್ಕ ಇರುವುದು ಪರರ ಮನೆಯಲ್ಲಿ, ಲಾಡ್ಜಿನಲ್ಲಿ. ನೆನಪಿಗೆ ಬಂದಿದ್ದು ಗಂಡ. ಅವನಿಗೂ ಹೀಗೇ ಶುರುವಾಗಿತ್ತು. ಅವನು ಟೈಲ್ಸ್ ಕುಯ್ಯುವಾಗ ಪಕ್ಕದಲ್ಲೇ ಕೂತು ಹೊಲಿದವಳಲ್ಲವೇ ಅವಳು. ತನಗೂ ಅದೇ ಅಂತ ತೀರ್ಮಾನ ಮಾಡಿಬಿಟ್ಟಳು. ಒಂದು ಹೊಸ ಲಾಡ್ಜಿನ ಕರ್ಟನ್ ಕೆಲಸ ಬಂದಿತ್ತು, ಬೇಡ ಎಂದಳು. ಹೊಲಿಗೆ ಮಿಷನ್ನು ಯಾರಿಗೆ ಕೊಡಬೇಕು ಅಂತಲೂ ಯೋಚಿಸಿಟ್ಟಳು. ಯಾರಿಗೂ ಹೇಳಲಿಲ್ಲ.

ನಾದಿನಿ ಹೇಳಿಸಿದಳು. ಗಂಡನ ತಂಗಿ, ಬಸ್ ಕಂಡಕ್ಟರು. ಬಾಯಿ ಜೋರು.

"ಅತ್ತಿಗೆ, ನಿನ್ನ ಎದೇಲಿ ಏನದು, ಕುಕ್ಕರ್ ಇಟ್ಕೊಂಡಿದೀಯಾ?"

"ನಿಮ್ಮಣ್ಣಂದೇ ನಂಗೂ ಬಂದಿದೆ."

ನಾದಿನಿ ಪಟ್ಟಣದ ದೊಡ್ಡ ಆಸ್ಪತ್ರೆಗೆ ಹೆಸರು ಬರೆಸಿ, ರಜ ಹಾಕಿ, ಅತ್ತಿಗೆಯನ್ನು ಬಸ್ಸು ಹತ್ತಿಸಿದಳು. ಅತ್ತಿಗೆಯ ಮಡಿಲಲ್ಲಿ ಆ ದಿಂಬು. ಅವನಿಲ್ಲದೆ ಹೊರಟ ಮೊದಲ ಪ್ರಯಾಣ.

"ಅದಕ್ಕೂ ಟಿಕೆಟ್ ಹರೀಲಾ?"

"ಹರಿ. ಸೀನಿಯರ್ ಸಿಟಿಜನ್ ಅದು."

ಆಸ್ಪತ್ರೆ ಎದುರಿನ ಲಾಡ್ಜಿಗೆ ಮಧ್ಯಾಹ್ನ ಮುಟ್ಟಿದರು. ಡಾಕ್ಟರು ಸಿಗುವುದು ಮರುದಿನ ಬೆಳಗ್ಗೆ. ರೂಮಿನ ಬಾಗಿಲು ತೆಗೆದಾಗ ಅವಳು ಅಭ್ಯಾಸಬಲದಿಂದ ಹೊರಗೇ ನಿಂತಳು. ಒಳಗೆ ಹೋಗಿ ನೋಡುವವನಿಲ್ಲ ಅಂತ ಆಗ ಹೊಳೆಯಿತು. ನಾದಿನಿ ಮುಖ ನೋಡಿ ಅರ್ಥಮಾಡಿಕೊಂಡಳು.

"ಅಣ್ಣ ಏನೇನು ಮಾಡ್ತಿದ್ದ ಹೇಳು. ನಾನು ಮಾಡ್ತೀನಿ."

ಅವಳು ಬಾಗಿಲಲ್ಲಿ ನಿಂತು ಹೇಳಿದಳು, ನಾದಿನಿ ಹಿಂಡಿದಳು, ಅಮುಕಿದಳು. ದಿಂಬು ಎರಡೂ ಸ್ಪಂಜು. ಹಾಸಿಗೆ ತೆಂಗಿನ ನಾರು. ಹೊದೆಯಲು ಬರಿ ಕಂಬಳಿ. ಆದರೂ ದಿಂಬು, ಕಂಬಳಿ ಹೊರಗಿಟ್ಟು, ಕಿಟಕಿ ತೆರೆದು, ಮನೆಯ ಬೆಡ್‌ಶೀಟು ಹಾಸಿದಳು. ಅತ್ತಿಗೆ ತನ್ನ ದಿಂಬು ಇಟ್ಟು ಮಲಗಿದಳು. ಸ್ವಲ್ಪ ಹೊತ್ತಿಗೆ ಸೀಟಿ ಶುರು. ಕಣ್ಣು, ಮೂಗು ಸುರಿಯತೊಡಗಿದವು.

ನಾದಿನಿ ಮಂಚದ ಪಕ್ಕ ಸೊಂಟಕ್ಕೆ ಕೈ ಕೊಟ್ಟು ನಿಂತಳು. "ಅಣ್ಣಂಗೆ ಕೆಮ್ಮು ಇತ್ತು, ಉಬ್ಬಸ ಇತ್ತು. ಕಣ್ಣು ಹೀಗೆ ಕೆರೀತಿತ್ತಾ?"

"ಇಲ್ಲ."

"ಈ ರೂಮಲ್ಲಿ ಈಗ ಉಳಿದಿರೋದು ನೀನು, ನಾನು, ಆ ದಿಂಬು. ನಾನು ಸ್ನಾನ ಮಾಡಿದೀನಿ."

"ಇದು ಹತ್ತಿ. ನಾನೇ ತುಂಬಿದ್ದು."

"ಗವಸು ತೆಗಿ, ನೋಡಣ."

"ಬೇಡ." ದಿಂಬನ್ನು ಎದೆಗೆ ಒತ್ತಿಕೊಂಡಳು. "ತೆಗೆದ್ರೆ ವಾಸನೆ ಹೋಗತ್ತೆ."

ನಾದಿನಿ ಮಂಚದ ಮೇಲೆ ಕೂತು, ಬಗ್ಗಿ, ದಿಂಬಿಗೆ ಮೂಗು ಇಟ್ಟಳು. ಇಟ್ಟು ಹಾಗೇ ಇದ್ದಳು. ಅವಳಿಗೆ ಅವನು ಒಬ್ಬನೇ ಅಣ್ಣ.

"ಹೌದು ಕಣೇ ಅತ್ತಿಗೆ," ಎಂದಳು. "ಅವನೇ."

ಇಬ್ಬರೂ ಸ್ವಲ್ಪ ಅತ್ತರು. ಆಮೇಲೆ ಅತ್ತಿಗೆಯೇ ಗವಸಿನ ಗುಂಡಿ ಬಿಚ್ಚಿದಳು.

ಒಳಗೆ ಹೂವಿನ ಬಟ್ಟೆ ಇರಲಿಲ್ಲ. ನುಣ್ಣನೆ ಬಿಳಿ ಬಟ್ಟೆ, ಅಂಚಿಗೆ ನೀಲಿ ದಾರ. ಹಿಂಡಿದರೆ ಗರಿಯ ಕಡ್ಡಿಯೂ ಚುಚ್ಚಲಿಲ್ಲ, ಬರಿ ಬಾತುಕೋಳಿಯ ಮೆತ್ತನೆ ತುಪ್ಪುಳ. ಹೊಲಿಗೆ ಸಂದಿಯಿಂದ ಒಂದು ಎಳೆ ಹೊರಗೆ ಬಂದು ಗಾಳಿಯಲ್ಲಿ ತೇಲಿತು. ಅವಳು ಅದನ್ನೇ ನೋಡಿದಳು. ದಿಂಬು ಯಾರದು ಅಂತ ತಕ್ಷಣ ಗೊತ್ತಾಯಿತು. ಆಸ್ಪತ್ರೆಯಲ್ಲಿ ಗಂಡನ ಪಕ್ಕದ ಮಂಚದಲ್ಲಿ ಒಬ್ಬ ಸಾಹುಕಾರರಿದ್ದರು. ಮನೆಯಿಂದ ದಿಂಬು ತರಿಸಿಕೊಂಡಿದ್ದರು, ನೀಲಿ ಅಂಚಿನದು. ಗವಸು ಒಗೆಯಲು ಒಯ್ದ ಆಯಾ ವಾಪಸು ಹಾಕುವಾಗ ಅದಲು ಬದಲು ಮಾಡಿದ್ದಾಳೆ. ಕೊನೆಯ ದಿನಗಳಲ್ಲಿ ಅವನು ತಲೆ ಇಟ್ಟಿದ್ದೂ ಇದರ ಮೇಲೆಯೇ.

"ಅಲ್ಲ ಅತ್ತಿಗೆ, ಊರೂರಿನ ಲಾಡ್ಜಿನ ದಿಂಬೆಲ್ಲ ಅಣ್ಣನ ಕೈಲಿ ಹಿಂಡಿಸಿದವಳು ನೀನು. ಮನೇಲಿ ಪರಗಂಡಸಿನ ದಿಂಬು ತಬ್ಕೊಂಡು ಮಲಗಿದೀಯಲ್ಲ."

ಅವಳಿಗೆ ನಗು ಬಂತು. ಉಬ್ಬಸದ ನಡುವೆ ನಕ್ಕರೆ ತೂತು ಬಿದ್ದ ಹಾರ್ಮೋನಿಯಂನ ಹಾಗೆ ಸದ್ದು. ಅದಕ್ಕೆ ಇನ್ನೂ ನಗು. "ಪಾಪ, ಆ ಸಾಹುಕಾರರ ಕತ್ತು ಏನಾಗಿದೆಯೋ," ಎಂದಳು. "ನಾನು ತುಂಬಿದ್ದು ಕಲ್ಲಿನ ಥರ ಇತ್ತು."

ದಿಂಬನ್ನು ನಾದಿನಿ ಕೆಳಗೆ ಕೌಂಟರಿನಲ್ಲಿಟ್ಟು ಬಂದಳು. ಬೆಡ್‌ಶೀಟು ಬದಲಾಯಿಸಿ, ನೆಲ ಒರೆಸಿದಳು. ಅವಳನ್ನು ಅಷ್ಟು ಹೊತ್ತೂ ಹೊರಗೆ ನಿಲ್ಲಿಸಿ, ಕೊನೆಗೆ ಬಾಗಿಲಿಗೆ ಬಂದು ಸಲಾಮು ಹೊಡೆದಳು. "ಇನ್ಸ್‌ಪೆಕ್ಟ್ರೇ, ಬರಬಹುದು."

ಗವಸು ಅವಳ ಕೈಯಲ್ಲೇ ಇತ್ತು. ಅದರೊಳಗೂ ತುಪ್ಪುಳ ಮೆತ್ತಿತ್ತು. ಒಗೆಯದೆ ಗತಿಯಿಲ್ಲ. ಬಚ್ಚಲಿಗೆ ಹೋಗಿ ತಾನೇ ಒಗೆದಳು. ವಾಸನೆ ಹೋಯಿತು. ಎಣ್ಣೆಯ ಕಲೆ ಹೋಗಲಿಲ್ಲ. ಅವಳೂ ಅದನ್ನು ಜಾಸ್ತಿ ಉಜ್ಜಲಿಲ್ಲ.

ಅವತ್ತು ಹೊರಗಿಟ್ಟಿದ್ದ ಲಾಡ್ಜಿನ ಸ್ಪಂಜು ದಿಂಬನ್ನೇ ತಂದು ಅದರ ಮೇಲೆ ಮಲಗಿದಳು. ಸೀಟಿ ಸಣ್ಣದಾಯಿತು. ಬೆಳಗ್ಗೆ ಡಾಕ್ಟರು ಎದೆಯ ಎಕ್ಸ್ ರೇ ಫಿಲ್ಮನ್ನು ಬೆಳಕಿಗೆ ಹಿಡಿದರು. ಆ ಹೊತ್ತು ಅವಳು ನಾದಿನಿಯ ಕೈ ಬಿಡಲಿಲ್ಲ. ಅವನ ಹಿಂದೆಯೇ ಹೋಗುವುದಾದರೆ ಹೋಗೋಣ ಅಂತ ಎಷ್ಟೋ ಸಲ ಅಂದುಕೊಂಡಿದ್ದಳು. ಬದುಕುವ ಆಸೆ ಇಷ್ಟಿದೆ ಅಂತ ಅಲ್ಲಿ ಕೂತಾಗಲೇ ಗೊತ್ತಾಗಿದ್ದು.

"ಶ್ವಾಸಕೋಶ ಚೆನ್ನಾಗಿದೆ," ಎಂದರು ಡಾಕ್ಟರು. "ಇದು ಅಲರ್ಜಿ. ಮನೇಲಿ ಪುಕ್ಕದ ದಿಂಬು ಏನಾದ್ರೂ ಇದೆಯಾ?"

"ಇತ್ತು," ಎಂದಳು.

ಉಸಿರಿಗೆ ಒಂದು ಪಂಪು ಬರೆದುಕೊಟ್ಟರು. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ಎದ್ದು ಹತ್ತಿಯಂಗಡಿಗೆ ಹೋಗಿ ಒಂದು ದಿಂಬು ಕೊಂಡು, ಮೂಲೆ ಹಿಂಡಿ, ಕಿವಿಗೆ ಹಿಡಿದು ಅಮುಕಿ, ಆಮೇಲೆ ಆ ಗವಸು ಹಾಕಿದಳು.

ಸಾಹುಕಾರರ ದಿಂಬನ್ನು ಬಿಟ್ಟುಬರಲು ನಾದಿನಿಗೆ ಮನಸ್ಸಾಗಲಿಲ್ಲ. ಅಣ್ಣ ಇದ್ದ ಆಸ್ಪತ್ರೆಯಿಂದ ವಿಳಾಸ ಕೇಳಿ ತಲುಪಿಸುತ್ತೇನೆ, ಅಲ್ಲಿಯವರೆಗೆ ಅದರ ಮೇಲೆ ನಾನೇ ಮಲಗುತ್ತೇನೆ ಎಂದಳು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬಸ್ಸಿನ ಡಿಕ್ಕಿಗೆ ಹಾಕಿದರು.

ಬಸ್ಸು ಹೊರಟ ಮೇಲೆ ಅವಳು ಹೊಸ ಲಾಡ್ಜಿನವರಿಗೆ ಫೋನು ಮಾಡಿದಳು.

"ಆ ಕರ್ಟನ್ ಕೆಲಸ ಬೇರೆಯವರಿಗೆ ಕೊಟ್ರಾ? ಇಲ್ವಾ? ಹಾಗಾದ್ರೆ ನಾನೇ ಬರ್ತೀನಿ. ಕಿಟಕಿ ಆಮೇಲೆ ಹೇಳಿ, ರೂಮಿಗೆ ಯಾವ ದಿಂಬು ಹಾಕಿದೀರಾ ಅದನ್ನ ಮೊದಲು ಹೇಳಿ."