ಮಳೆ ಹೇಳುತ್ತಿದ್ದವಳು ದೇವಕಿ

ಆ ಮಳೆಯ ಹಿಂದಿನ ದಿನ ನಾನು ತೋಟದ ರೈಟರ್ ಆಗಿ ಆಳುಗಳ ಹಾಜರಿ ಬರೆದು, ತಂಗಿ ದೇವಕಿ ಕಣದಲ್ಲಿ ಕಾಫಿ ಕೆದಕಿ, ಸಂಜೆ ಒಟ್ಟಿಗೆ ಮನೆಗೆ ಬಂದು ಗಂಜಿ ಕುಡಿದಿದ್ದೆವು. ನಾನಿನ್ನೂ ಕಳ್ಳನಾಗಿರಲಿಲ್ಲ. ಮರುದಿನ ನಾನು ಅವಳ ಹೆಸರನ್ನು ಕದ್ದೆ — ಅಮ್ಮತ್ತಿಯ ಸುತ್ತಲಿನವರೆಲ್ಲ ನನ್ನನ್ನು ಮಳೆ ರೈಟರ್ ಎಂದರು. ಮಳೆಯ ದಾರಿ ಬಲ್ಲವಳು ದೇವಕಿ, ನಾನಲ್ಲ.

ಆ ವರ್ಷದ ಕೊನೆಯ ಕೊಯ್ಲಿನ ಕಾಫಿಯೆಲ್ಲ ಕಣದಲ್ಲಿ ಒಣಗುತ್ತಿತ್ತು. ನೆನೆದರೆ ಹಾಳು. ನೆತ್ತಿಯ ಮೇಲೆ ಸುಡುವ ಬಿಸಿಲು. ಮೂಡಣದಲ್ಲಿ ಮಾತ್ರ ಒಂದು ಕಪ್ಪು ಗೆರೆ. ಮಿಂಚಿನಿಂದ ಗುಡುಗಿನವರೆಗೆ ದೇವಕಿ ಬೆರಳು ಮಡಿಸಿ ಎಣಿಸುತ್ತಿದ್ದಳು.

“ಅಣ್ಣ, ಮಿಂಚು ಆ ನಂದಿ ಮರದ ನೇರ ಬಿಟ್ಟು ಅಲುಗ್ತಾ ಇಲ್ಲ. ಎಣಿಕೆ ಮಾತ್ರ ಇಳೀತಾ ಉಂಟು. ಪಕ್ಕಕ್ಕೆ ಸರಿದಿದ್ರೆ ಸಿದ್ದಾಪುರಕ್ಕೆ ಹೋಗ್ತಿತ್ತು, ಇದು ನಮ್ಮ ಕಡೆಗೇ. ಆದ್ರೆ... ಗಾಳಿ ತಿರುಗಿದ್ರೆ ಹೇಳಕ್ಕಾಗಲ್ಲ.”

ತೋಟದ ಬಿಳಿ ದೊರೆಯ ಬಳಿಗೆ ಓಡಿ, ಮಳೆ ಬರ್ತದೆ, ಕಾಫಿ ಒಳಗೆ ಹಾಕಿಸಬೇಕು ಎಂದೆ. ಮೇಸ್ತ್ರಿ ನಕ್ಕ: “ಏನ್ ರೈಟ್ರೇ, ಬಿಸಿಲು ತಲೆಗೇರ್ತಾ?” ಯಾರು ಹೇಳಿದ್ದೆಂದು ದೊರೆ ಕೇಳಿದ. ಕಣದ ಹೆಂಗಸಿನ ಮಾತೆಂದರೆ ನಂಬಲಾರನೆಂದು — ಇಲ್ಲ, ಅದೂ ನೆಪ. ನನಗೆ ಆಸೆಯಾಯಿತು.

“ನನ್ನದೇ ಲೆಕ್ಕ, ದೊರೆ. ಬಂದೇ ಬರ್ತದೆ.”

ಅವಳ ‘ಆದರೆ’ಯನ್ನೂ ನುಂಗಿಬಿಟ್ಟೆ.

ಕೊನೆಯ ಮೂಟೆ ಗೋಡೌನಿನ ಬಾಗಿಲು ದಾಟುವುದಕ್ಕೂ ಆಲಿಕಲ್ಲು ಬೀಳುವುದಕ್ಕೂ ಸರಿಹೋಯಿತು. ಎಂಥ ಗೆಲುವು! ದೊರೆ ಕೈ ಕುಲುಕಿದ, ಮೇಸ್ತ್ರಿ ತಲೆಯ ವಸ್ತ್ರ ಬಿಚ್ಚಿ ಬೀಸಿದ, ಹೆಂಗಸರು ಮಳೆಯಲ್ಲೇ ಕುಣಿದರು. “ಏನ್ರೀ, ಮಳೆ ರೈಟ್ರೇ!” ಎಂದು ಮೊದಲು ಕೂಗಿದ್ದು, ನೆನೆದು ತೊಪ್ಪೆಯಾಗಿದ್ದ ದೇವಕಿಯೇ. ನಕ್ಕಳು. ಅಷ್ಟಕ್ಕೇ ಬಿಟ್ಟಳು — ನಾನೂ ಬಿಟ್ಟೆ.

ಆಮೇಲೆ ಹದಿನಾಲ್ಕು ಬೇಸಿಗೆ ಅವಳು ಎಣಿಸಿದಳು, ನಾನು ಹೇಳಿದೆ. ಕಳೆದ ಮಾಗಿಯಲ್ಲಿ ಜ್ವರ ಅವಳನ್ನು ಒಯ್ದಿತು.

ನಿನ್ನೆ ಈ ವರ್ಷದ ಮೊದಲ ಗುಡುಗು. ಒಬ್ಬನೇ ನಿಂತು ಅವಳ ರೀತಿಯಲ್ಲೇ ಎಣಿಸಿದೆ. “ಬರಬಹುದು, ತಪ್ಪಲೂಬಹುದು. ಆದರೂ ಕಾಫಿ ಒಳಗೆ ಹಾಕೋಣ,” ಎಂದೆ. ಹಾಕಿದೆವು. ಮಳೆ ಬಂತು! ಒಂದು ಕಾಳೂ ನೆನೆಯಲಿಲ್ಲ. ಎಲ್ಲರೂ ನನ್ನ ಹೆಸರು ಕೂಗುತ್ತಿರುವಾಗ ನಾನು ಗೋಡೌನಿನ ಮೆಟ್ಟಿಲು ಹತ್ತಿ, ದೊರೆಯ ಮುಂದೆ, ಆಳುಗಳೆಲ್ಲರ ಮುಂದೆ ಹೇಳಿದೆ: “ಇದು ದೇವಕಿ ಕಲಿಸಿದ್ದು. ಮೊದಲ ದಿನದಿಂದಲೂ ಹೇಳಿದವಳು ಅವಳೇ. ನಾನು ಸುಳ್ಳು ಹೇಳಿದ್ದೆ.”

ಮೇಸ್ತ್ರಿಯೇ ಮೊದಲು “ದೇವಕಿ!” ಎಂದು ದನಿ ಎತ್ತಿದ. ಆಮೇಲೆ ಇಡೀ ಕಣ, ಗುಡುಗನ್ನೂ ಮೀರಿಸಿ, ಅವಳ ಹೆಸರು ಕೂಗಿತು.

ಅದನ್ನು ಕೇಳಬೇಕಾದವಳು ಮಾತ್ರ ಅಲ್ಲಿರಲಿಲ್ಲ.