ತೊಟ್ಟಿಲಲ್ಲಿ ರುಬ್ಬುಗುಂಡು

ರುಬ್ಬುವ ಗುಂಡಿಗೆ ಒಂದು ಮುಖವಿರುತ್ತದೆ ಎಂಬುದನ್ನು ನೀವು ಎಂದಾದರೂ ಗಮನಿಸಿದ್ದೀರಾ? ಇಲ್ಲವೆಂದರೆ ತಪ್ಪೇನೂ ಇಲ್ಲ ಬಿಡಿ. ಗುಂಡುಕಲ್ಲನ್ನು ಎಪ್ಪತ್ತು ದಿನ ತೊಟ್ಟಿಲಲ್ಲಿ ಮಲಗಿಸಿ, ತಲೆಗೆ ಕುಂಚಿಗೆ ಕಟ್ಟಿ, ಎಡದಿಂದಲೂ ಬಲದಿಂದಲೂ ನೋಡಿ ನೋಡಿ ಹಿಗ್ಗುವ ಸೌಭಾಗ್ಯ ಎಲ್ಲರಿಗೂ ಒದಗುವಂಥದ್ದಲ್ಲ. ನನಗೆ ಒದಗಿತು. ನಮ್ಮ ಗುಂಡಿಗೆ ಹಣೆ ಅಗಲ, ಗದ್ದ ಸಣ್ಣದು, ಎಡಗೆನ್ನೆಯ ಮೇಲೆ ನಮ್ಮ ಅತ್ತೆಯವರ ಕಾಲದಲ್ಲಿ ಬಿದ್ದು ಮುಕ್ಕಾದ ಒಂದು ಗುಳಿ. ಸುಮ್ಮನೆ ನೋಡಿದರೆ ನಕ್ಕ ಹಾಗೆ ಕಾಣುತ್ತದೆ. ಅಳುತ್ತಿರುವ ಹಾಗೆ ಕಾಣುತ್ತದೆ ಎನ್ನುತ್ತಾರೆ ನಮ್ಮ ಯಜಮಾನರು. ಅವರು ಕನ್ನಡಕ ಬದಲಾಯಿಸದೆ ಬಹಳ ವರ್ಷಗಳಾದವು.

ನಾಲ್ಕನೆಯ ತರಗತಿಗೇ ಪಾಟಿಚೀಲ ಇಳಿಸಿದವಳು ನಾನು. ಬರೆಯಲು ಕುಳಿತರೆ ಮೊದಲೇ ಹಿಂದಿನದು ಮುಂದಾಗುತ್ತದೆ, ಅದರಲ್ಲೂ ಸಂತೋಷದ ಸುದ್ದಿ ಬರೆಯುವಾಗ ಕೈ ನನ್ನ ಮಾತು ಕೇಳುವುದೇ ಇಲ್ಲ. ಅದಕ್ಕೆ ಯಾರು ಎಲ್ಲಿದ್ದರು ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆಗ ಲಾಕ್‌ಡೌನ್. ನಾನು ಮತ್ತು ಯಜಮಾನರು ಸಿಂಧನೂರಿನ ನಮ್ಮ ಮನೆಯಲ್ಲಿ. ಮನೆಯ ಗೋಡೆಗೆ ಹತ್ತಿಯೇ ನಮ್ಮ ಹಿಟ್ಟಿನ ಗಿರಣಿ. ಸೊಸೆ ಶ್ವೇತಾ ಹೆರಿಗೆಗೆಂದು ಲಿಂಗಸುಗೂರಿನ ತವರಿಗೆ ಹೋಗಿದ್ದಳು. ಎರಡು ದಿನ ಇದ್ದು ಬರುತ್ತೇನೆಂದು ಎರಡೇ ಅಂಗಿ ಹಿಡಿದು ಹೋದ ಮಗ ಬಸವರಾಜ, ಬಸ್ಸು ನಿಂತಿದ್ದರಿಂದ ಅಲ್ಲಿಯೇ ಸಿಕ್ಕಿಕೊಂಡು, ಅಳಿಯನ ಉಪಚಾರ ತಿಂದು ತಿಂದು, ಆ ಎರಡೂ ಅಂಗಿಗಳ ಗುಂಡಿ ಹಾಕಲಾಗದ ಸ್ಥಿತಿಗೆ ಬಂದಿದ್ದ. ಮಗಳು ನೀಲಾ ಗಂಡನ ಮನೆಯಲ್ಲಿ, ಮಸ್ಕಿಯಲ್ಲಿ. ಸಿಂಧನೂರಿನಿಂದ ಲಿಂಗಸುಗೂರಿಗೆ ಹೋಗುವ ದಾರಿಯ ನಡುವೆಯೇ ಮಸ್ಕಿ ಇದೆ. ಹೀಗೆ ಒಂದೇ ರಸ್ತೆಯ ಮೂರು ಊರುಗಳಲ್ಲಿ ಹಂಚಿಹೋಗಿದ್ದ ನಮಗೆ ಲಿಂಗಸುಗೂರಿನಲ್ಲಿ ಒಂದು ಹೆಣ್ಣು ಕೂಸು ಹುಟ್ಟಿತು. ಮೊದಲನೆಯ ಮೊಮ್ಮಗಳು! ಈ ಸುದ್ದಿಯನ್ನು ನಾನು ಗಿರಣಿಯ ಮುಂದೆ ಸುಣ್ಣದ ವೃತ್ತಗಳಲ್ಲಿ ನಿಂತಿದ್ದ ಗಿರಾಕಿಗಳಿಗೆಲ್ಲ ಒಬ್ಬೊಬ್ಬರಿಗೇ ಹೇಳಿದೆ. ಕೊನೆಯ ವೃತ್ತ ಮುಟ್ಟುವಷ್ಟರಲ್ಲಿ ಮೊದಲನೆಯವನು ಹೊರಟು ಬೇರೆಯವನು ಬಂದು ನಿಂತಿರುತ್ತಿದ್ದ; ಹೀಗಾಗಿ ನನಗೆ ಆ ದಿನ ಕೆಲಸವೇ ಮುಗಿಯಲಿಲ್ಲ.

ಹದಿಮೂರನೆಯ ದಿನ ಹೆಸರಿಡಬೇಕು. ನಮ್ಮ ಕಡೆ ಆ ಅಧಿಕಾರ ಸೋದರತ್ತೆಯದು, ಎಂದರೆ ಕೂಸಿನ ತಂದೆಯ ಅಕ್ಕತಂಗಿಯದು. ಏನು ಹೆಸರೆಂದು ಅವಳು ಯಾರಿಗೂ ಬಾಯಿ ಬಿಡುವುದಿಲ್ಲ. ತೊಟ್ಟಿಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಹೆಸರು ಹೇಳುತ್ತಾಳೆ. ಹೇಳಿದ ಕೂಡಲೇ ಸುತ್ತ ನೆರೆದ ಹೆಂಗಸರೆಲ್ಲ ಅವಳ ಬೆನ್ನಿಗೆ ಧಬಧಬ ಗುದ್ದುತ್ತಾರೆ. ಯಾಕೆ ಗುದ್ದುತ್ತಾರೆ ಎಂದು ನನ್ನನ್ನು ಕೇಳಬೇಡಿ. ನಾನು ಬಸವರಾಜನ ಹೊತ್ತಿಗೆ ನನ್ನ ನಾದಿನಿಗೆ ಗುದ್ದಿದ್ದೆ, ಕಾರಣ ಕೇಳುವಷ್ಟು ಪುರುಸೊತ್ತು ನನಗಿರಲಿಲ್ಲ. ಇದಕ್ಕೂ ಮೊದಲು ಇನ್ನೊಂದು ಶಾಸ್ತ್ರ: ಕೂಸನ್ನು ತೊಟ್ಟಿಲಿಗೆ ಹಾಕುವ ಮುನ್ನ ರುಬ್ಬುಗುಂಡಿಗೆ ಎಣ್ಣೆ ಹಚ್ಚಿ, ಕುಂಕುಮವಿಟ್ಟು, ಕುಂಚಿಗೆ ಕಟ್ಟಿ ಅದನ್ನೇ ಕೂಸೆಂದು ಮಲಗಿಸುತ್ತಾರೆ. ಅದು ಒಂದು ಗಳಿಗೆ ತೂಗಿಸಿಕೊಂಡು ಎದ್ದು ಹೋದ ಮೇಲೆ ನಿಜವಾದ ಕೂಸಿನ ಪಾಳಿ.

ತೊಡಕೆಂದರೆ, ಬಸವರಾಜ ಮತ್ತು ನೀಲಾ ಇಬ್ಬರೂ ಮಲಗಿ ಬೆಳೆದ ಕಟ್ಟಿಗೆಯ ತೊಟ್ಟಿಲು ನಮ್ಮಲ್ಲಿ, ಕೂಸು ಲಿಂಗಸುಗೂರಿನ ಜೋಲಿಯಲ್ಲಿ, ಹೆಸರು ಮಸ್ಕಿಯಲ್ಲಿ ನೀಲಾಳ ಹೊಟ್ಟೆಯೊಳಗೆ. ಮೂರನ್ನೂ ಫೋನಿನಲ್ಲಿ ಜೋಡಿಸುವುದೆಂದು ತೀರ್ಮಾನವಾಯಿತು. ನಾನು ಇಲ್ಲಿ ಗುಂಡನ್ನು ಸಿಂಗರಿಸಿ ತೊಟ್ಟಿಲಿಗೆ ಹಾಕಿ ಫೋನನ್ನು ಅದರ ಪಕ್ಕದಲ್ಲಿಟ್ಟೆ. ಅಲ್ಲಿ ಬಸವರಾಜ ಕೂಸಿನ ಕಿವಿಗೆ ಫೋನು ಹಿಡಿದ. ನೀಲಾ ರೇಷ್ಮೆ ಸೀರೆ ಉಟ್ಟು ಫೋನಿಗೆ ಬಾಗಿ ‘ಕುರ್ರ್’ ಎಂದು ಹೆಸರು ಹೇಳಿದಳು. ಮಸ್ಕಿಯಲ್ಲಿ ಗುದ್ದಲು ಇದ್ದವರು ಅವಳ ಅತ್ತೆ ಒಬ್ಬರೇ. ಆದರೆ ಆರು ವರ್ಷಗಳ ಸಂಸಾರದಲ್ಲಿ ಶಾಸ್ತ್ರೋಕ್ತವಾಗಿ ಸೊಸೆಯ ಬೆನ್ನಿಗೆ ಗುದ್ದುವ ಸುಯೋಗ ಮೊದಲ ಸಲ ಒದಗಿದ್ದರಿಂದ ಆ ತಾಯಿ ಹತ್ತು ಮಂದಿಯ ಕೆಲಸವನ್ನು ಒಬ್ಬರೇ ಮಾಡಿದರು.

“ಸಾಕ್ರೀ ಅತ್ತೀ! ಯವ್ವಾ, ನೀನರ ಹೇಳ ಬೇ!” ಎಂದು ನೀಲಾ ಫೋನಿನಲ್ಲಿ ಕೂಗುತ್ತಿರುವಾಗಲೇ ಲಿಂಗಸುಗೂರಿನಿಂದ ಇನ್ನೊಂದು ಕರೆ ಬಂತು.

“ಯವ್ವಾ, ಹೆಸರು ಹೇಳೂ ಹೊತ್ತಿಗೇ ನಮ್ಮ ಫೋನ್ ಕಟ್ ಆತು. ನಮಗೇನೂ ಕೇಳ್ಸಿಲ್ಲ,” ಎಂದ ಬಸವರಾಜ.

ಯಜಮಾನರಿಗೆ ಮೂವತ್ತು ವರ್ಷ ಗಿರಣಿಯ ಸದ್ದಿನಲ್ಲಿ ಮಾತಾಡಿ ಮಾತಾಡಿ ಮೆಲ್ಲಗೆ ಮಾತಾಡುವುದು ಮರೆತೇ ಹೋಗಿದೆ. “ಇಲ್ಲೆ ಗುಂಡಿಗೆ ಸ್ವಚ್ಛ ಕೇಳ್ಸೇತಿ ನೋಡಪಾ!” ಎಂದು ಓಣಿಗೆಲ್ಲ ಕೇಳುವಂತೆ ಹೇಳಿದರು.

“ಹಂಗಾರ ಮತ್ತೊಮ್ಮೆ ಹೇಳ್ಸು ಯವ್ವಾ.”

ಈಗ ನೋಡಿ, ಈ ಪ್ರಬಂಧದ ಪಾಪವೆಲ್ಲ ಇಲ್ಲಿದೆ. ನಾನು ಗಂಟಲು ಸರಿಮಾಡಿಕೊಂಡು, “ಹಂಗ ಬರಂಗಿಲ್ಲಪಾ. ಒಂದು ಕಿವ್ಯಾಗ ಬಿದ್ದ ಹೆಸರು ಬಿತ್ತು. ಈಗ ಅದು ಗುಂಡಿನ ಹೆಸರು. ಕೂಸು ಇಲ್ಲಿಗೆ ಬಂದು ಇದ ತೊಟ್ಟಿಲದಾಗ ಮಲಗಿದ ಮ್ಯಾಲೇ ಗುಂಡಿನಿಂದ ಕೂಸಿಗೆ ಹೆಸರು ಇಳೀತೈತಿ. ಅಲ್ಲೀತನ ಯಾರೂ ಬಾಯಿ ಬಿಡಬಾರದು,” ಎಂದೆ.

“ಇದು ಯಾವ ಶಾಸ್ತ್ರ ಬೇ?”

“ನಮ್ಮವ್ವನ ಕಾಲದ್ದು.”

ನಮ್ಮವ್ವನಿಗೆ ಇಂಥ ಶಾಸ್ತ್ರ ಗೊತ್ತಿರಲಿಲ್ಲ. ನನಗೂ ಆ ಗಳಿಗೆಯವರೆಗೆ ಗೊತ್ತಿರಲಿಲ್ಲ. ಓದುಗರೇ, ನಿಮ್ಮ ಹತ್ತಿರ ಮುಚ್ಚಿಡುವುದೇನು? ಫೋನಿನಲ್ಲಿಯೇ ಹೆಸರಾಗಿಬಿಟ್ಟರೆ, ಫೋನಿನಲ್ಲಿಯೇ ಕೂಸು ನಕ್ಕುಬಿಟ್ಟರೆ, ಎಲ್ಲವೂ ಫೋನಿನಲ್ಲಿಯೇ ಆಗಿಹೋದರೆ, ರಸ್ತೆ ತೆರೆದ ದಿನ ‘ಬಿಸಿಲು ಇಳಿಯಲಿ, ಮಳೆ ಬೀಳಲಿ, ಹಬ್ಬಕ್ಕೆ ಬಂದರಾಯಿತು’ ಎಂದು ಬೀಗತಿ ಸಾವಕಾಶ ಮಾಡಿದರೆ ನಾನು ಏನು ಮಾಡಲಿ? ನನಗೆ ಮೊಮ್ಮಗಳನ್ನು ಎತ್ತಿಕೊಳ್ಳಬೇಕಿತ್ತು. ಕೈ ತುಂಬ ಎತ್ತಿಕೊಳ್ಳಬೇಕಿತ್ತು. ಅದಕ್ಕೆ ಹೆಸರನ್ನು ಒತ್ತೆ ಇಟ್ಟುಕೊಂಡೆ. ನೀಲಾಳ ಬಾಯನ್ನು ಆಣೆ ಹಾಕಿಸಿ ಮುಚ್ಚಿಸಿದೆ. “ಅತ್ತೀ, ನನಗಷ್ಟ ಹೇಳ್ರಿ, ನಾ ಯಾರಿಗೂ ಹೇಳಂಗಿಲ್ಲ,” ಎಂದು ಹೆತ್ತವಳು ಮೆಲ್ಲಗೆ ಕೇಳಿದಾಗ ಮಾತ್ರ ನನ್ನ ಶಾಸ್ತ್ರ ಅಲ್ಲಾಡಿತು, ಆದರೆ ಕುಸಿಯಲಿಲ್ಲ.

ಶಾಸ್ತ್ರ ಹೇಳಿದ ಮೇಲೆ ಪಾಲಿಸಬೇಕಲ್ಲ! ಗುಂಡಿಗೆ ಶಿವಲೀಲಾ ಎಂಬ ಹೆಸರು ಬಿದ್ದಿದೆ. ಶಿವಲೀಲಾಳನ್ನು ಎತ್ತಿ ಒಳಕಲ್ಲಿಗೆ ಹಾಕಿ ಕೆಂಪು ಮೆಣಸಿನಕಾಯಿ ಚಟ್ನಿ ರುಬ್ಬುವುದು ಹೇಗೆ? ಎರಡನೆಯ ದಿನವೇ ಯಜಮಾನರು ತಾಟಿನ ಮುಂದೆ ಕುಳಿತು, “ಚಟ್ನಿ ಎಲ್ಲಿ?” ಎಂದರು.

“ಶಿವಲೀಲಾ ಮಲಗ್ಯಾಳ್ರಿ.”

“ಎಬ್ಬಸು.”

“ಖಾರ ಕಣ್ಣಿಗೆ ಬಿದ್ರ?”

ಅವರು ಒಣ ರೊಟ್ಟಿಯನ್ನೇ ಮುರಿದು ಬಾಯಿಗೆ ಹಾಕಿಕೊಂಡರು. ಇದನ್ನೆಲ್ಲ ಗೋಡೆಯಾಚೆಯಿಂದ ಕೇಳುತ್ತಿದ್ದ ನಮ್ಮ ನೆರೆಯ ಖಾಜಾಬಿ ತನ್ನ ಗುಂಡನ್ನು ಗೋಡೆಯ ಮೇಲೆ ತಂದಿಟ್ಟು, “ತಗೊ ಅಕ್ಕಾ, ನಮ್ಮದು ಒಯ್ಯಿ. ನಮ್ಮದಕ್ಕ ಇನ್ನಾ ಹೆಸರಿಟ್ಟಿಲ್ಲ,” ಎಂದಳು. ಆ ಹೆಸರಿಲ್ಲದ ಗುಂಡು ಎಪ್ಪತ್ತು ದಿನ ಎರಡು ಮನೆಯ ಚಟ್ನಿ ರುಬ್ಬಿತು.

ಮೊದಮೊದಲು ನಾನು ಹಟಕ್ಕೆ ಮಾಡುತ್ತಿದ್ದುದು ಯಾವಾಗ ಸುಖಕ್ಕೆ ತಿರುಗಿತೋ ತಿಳಿಯದು. ಬೆಳಗಾದರೆ ಗುಂಡನ್ನು ಎತ್ತಿ ಎಳೆಬಿಸಿಲಿಗೆ ಒಯ್ಯುವುದು, ಕೊಬ್ಬರಿ ಎಣ್ಣೆ ತಿಕ್ಕುವುದು, ಬಿಸಿನೀರು ಹಾಕುವುದು, ಒರೆಸಿ ಕುಂಚಿಗೆ ಕಟ್ಟಿ ಮತ್ತೆ ಎತ್ತಿ ತೊಟ್ಟಿಲಿಗೆ ಹಾಕುವುದು. ಕೂಸು ಬಂದಾಗ ಕೈಗೆ ರೂಢಿ ಇರಲಿ ಎಂದು ಹೇಳಿಕೊಳ್ಳುತ್ತಿದ್ದೆ. ಹೊರಗೆ ಹೋಗುವಂತಿಲ್ಲ, ಯಾರೂ ಬರುವಂತಿಲ್ಲ, ಟಿವಿ ಹಚ್ಚಿದರೆ ಎದೆ ಧಸಕ್ಕೆನ್ನುವ ಸುದ್ದಿ; ಅಂಥ ದಿನಗಳಲ್ಲಿ ಬಿಸಿಲಿಗೆ ಬೆಚ್ಚಗಾದ, ಎಣ್ಣೆಗೆ ಮಿರಿಮಿರಿ ಮಿಂಚುವ ಕಲ್ಲೊಂದರ ಮೇಲೆ ಕೈಯಾಡಿಸುವುದು ಎಷ್ಟು ಹಿತವಾಗಿತ್ತೆಂದರೆ, ಸುದ್ದಿ ಓದುವವರಿಗೂ ಒಂದೊಂದು ಗುಂಡು ಕೊಡಬೇಕೆನ್ನಿಸುತ್ತಿತ್ತು.

ಯಜಮಾನರು ಗಿರಣಿಯಿಂದ ಮೈತುಂಬ ಹಿಟ್ಟಾಗಿ ಬಂದರೆ ಸಾಬೂನು ಹಚ್ಚಿ ಕೈ ತೊಳೆಯದ ಹೊರತು ನಾನು ಅವರನ್ನು ತೊಟ್ಟಿಲ ಹತ್ತಿರ ಬಿಡುತ್ತಿರಲಿಲ್ಲ.

“ಕಲ್ಲಿಗೆ ಕೊರೋನಾ ಬರ್ತೈತೇನಲೇ?” ಎಂದು ಗುಡುಗುತ್ತಿದ್ದರು. ತೊಳೆಯುತ್ತಲೂ ಇದ್ದರು. ಒಂದು ದಿನ ನಾನು ಹಿತ್ತಲಿನಿಂದ ಬಂದು ನೋಡಿದರೆ, ಅವರು ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಕಟ್ಟಿಕೊಂಡು, ತೂಗುತ್ತ, ಹತ್ತಿಪ್ಪತ್ತು ವರ್ಷಗಳಿಂದ ನನಗೆ ಕೇಳಿಸದಿದ್ದ ಮೆಲುದನಿಯಲ್ಲಿ ಗಿರಣಿಯ ಬೆಲ್ಟು ಹರಿದದ್ದನ್ನು ಶಿವಲೀಲಾಳಿಗೆ ವಿವರಿಸುತ್ತಿದ್ದರು. ನಾನು ಬಂದದ್ದು ಕಂಡು ಹೆಬ್ಬೆರಳಿನ ಹಗ್ಗ ಬಿಚ್ಚಲು ಹೋಗಿ, ಗಂಟು ಬಿಗಿದು, ತೊಟ್ಟಿಲನ್ನೂ ಎಳೆದುಕೊಂಡು ನಡೆದರು. ಅಂದಿನಿಂದ ನಾಚಿಕೆ ಬಿಟ್ಟರು. ತಿಂಗಳಿಗೊಮ್ಮೆ ಗುಂಡನ್ನು ಗಿರಣಿಯ ತಕ್ಕಡಿಯಲ್ಲಿ ತೂಗಿ, “ಹುಟ್ಟಿದಾಗ ಹನ್ನೊಂದು ಕಿಲೋ, ಈಗೂ ಹನ್ನೊಂದ. ನಿನ್ನ ಆರೈಕಿ ಸಾಲವಲ್ದು,” ಎಂದು ನನ್ನನ್ನು ಬೈಯತೊಡಗಿದರು.

ಒಮ್ಮೆ ಮನೆಮನೆಯ ಎಣಿಕೆಗೆ ಒಬ್ಬ ಆಶಾ ಕಾರ್ಯಕರ್ತೆ ಬಂದು ಬಾಗಿಲಾಚೆಯೇ ನಿಂತು, “ಮನ್ಯಾಗ ಎಷ್ಟ ಮಂದಿ ಅದೀರಿ?” ಎಂದು ಕೇಳಿದಳು. ಯಜಮಾನರು ತಲೆಯೆತ್ತದೆ, “ಮೂರು ಮಂದಿ,” ಎಂದರು.

“ಮೂರನೇವರ ವಯಸ್ಸು?”

“ಎರಡು ತಿಂಗಳಾತು.”

ಅವಳು ಕೂಸಿನ ಲಸಿಕೆಯ ಕಾರ್ಡು ತೋರಿಸಿ ಎಂದಳು. ನಾನು ಏನಾದರೂ ಹೇಳುವ ಮೊದಲೇ ತೊಟ್ಟಿಲ ಹತ್ತಿರ ಬಂದು ಕುಂಚಿಗೆ ಸರಿಸಿದಳು. ಪಾಪ, ಬಿಸಿಲಲ್ಲಿ ಓಣಿ ಓಣಿ ಅಲೆದ ಹುಡುಗಿ. ಒಂದು ಗಳಿಗೆ ನಮ್ಮಿಬ್ಬರನ್ನೂ ನೋಡಿದಳು, ಗುಂಡನ್ನು ನೋಡಿದಳು, ಕುಂಚಿಗೆಯನ್ನು ಮೊದಲಿನಂತೆಯೇ ಮುಚ್ಚಿ, “ತೂಕ ಚೊಲೊ ಐತ್ರಿ,” ಎಂದು ಹೇಳಿ, ಬರೆದಿದ್ದ ಮೂರನ್ನು ಎರಡು ಮಾಡಿ ಹೊರಟುಹೋದಳು. ಗೋಡೆಯಾಚೆ ಖಾಜಾಬಿ ನಕ್ಕ ರಭಸಕ್ಕೆ ಅವರ ಕೋಳಿಗಳೆಲ್ಲ ನಮ್ಮ ಅಂಗಳಕ್ಕೆ ಹಾರಿ ಬಂದವು.

ಅಷ್ಟರಲ್ಲಿ ಲಿಂಗಸುಗೂರಿನಲ್ಲಿ ಹೆಸರಿಲ್ಲದ ಕೂಸಿಗೆ ಅಜ್ಜಿ ಬಂಗಾರಿ ಎಂದು, ಅಜ್ಜ ಗುಬ್ಬಿ ಎಂದು, ಬಸವರಾಜ ಏನೂ ತೋಚದೆ ‘ಮೇಡಂ’ ಎಂದು ಕರೆಯುತ್ತಿದ್ದರಂತೆ. ನನ್ನ ಒತ್ತೆಯ ಉಪಾಯ ಚೆನ್ನಾಗಿಯೇ ಫಲಿಸಿತು. ರಸ್ತೆ ತೆರೆದ ಮೂರನೆಯ ದಿನ, ಬೀಗತಿಯ ಫೋನೇ ಬಂತು: “ಯಕ್ಕಾ, ಕರಕೊಂಡು ಬರಾಕತ್ತಾರ್ರಿ. ಹೆಸರು ಒಂದು ಕೊಟ್ಟು ಕಳಸ್ರಿ ಮಾರಾಯ್ತಿ!”

ಬಾಡಿಗೆ ಕಾರು ಮಸ್ಕಿಯಲ್ಲಿ ನೀಲಾಳನ್ನು ಹತ್ತಿಸಿಕೊಂಡು ಮಧ್ಯಾಹ್ನದ ಹೊತ್ತಿಗೆ ನಮ್ಮ ಬಾಗಿಲಿಗೆ ಬಂತು. ನಾನು ಬೆಳಗಿನಿಂದ ಮೂರು ಸಲ ಕೈ ತೊಳೆದಿದ್ದೆ. ಗುಂಡನ್ನು ತೆಗೆದು ಮೂಲೆಯಲ್ಲಿಟ್ಟು ತೊಟ್ಟಿಲಿಗೆ ಹೊಸ ಕೌದಿ ಹಾಸಿದ್ದೆ. ಎಲ್ಲರೂ ಬಾಯಿಗೆ ಬಟ್ಟೆ ಕಟ್ಟಿಕೊಂಡು, ಕಾಲು ತೊಳೆದುಕೊಂಡು, ಯಾರು ಯಾರ ಹತ್ತಿರ ಎಷ್ಟು ಬರಬಹುದೆಂದು ತಿಳಿಯದೆ ಅಂಗಳದಲ್ಲಿ ಗಿರಣಿಯ ಗಿರಾಕಿಗಳ ಹಾಗೆ ದೂರದೂರ ನಿಂತರು. ನಿಂತು ನಿಂತು ಕೊನೆಗೆ ಶ್ವೇತಾ ಮುಂದೆ ಬಂದು, “ತಗೋರಿ ಅತ್ತೀ,” ಎಂದು ಕೂಸನ್ನು ಚಾಚಿದಳು.

ಎಪ್ಪತ್ತು ದಿನ ಹನ್ನೊಂದು ಕಿಲೋ ಎತ್ತಿದ ರಟ್ಟೆ ನನ್ನದು. ಅದೇ ರೂಢಿಯಲ್ಲಿ ಕಾಲು ಅಗಲಿಸಿ ನಿಂತು, ಸೊಂಟ ಗಟ್ಟಿ ಮಾಡಿ, ಉಸಿರು ಬಿಗಿಹಿಡಿದು, ‘ಹುಂ’ ಎಂದು ಎತ್ತಿದೆ ನೋಡಿ! ಕೂಸು ಅರಳೆಯ ಹಾಗೆ ನನ್ನ ತಲೆಯ ಮೇಲಕ್ಕೆ ಹೋಗಿಬಿಟ್ಟಿತು.

“ಅಯ್ಯಯ್ಯ ಯವ್ವಾ! ಕೂಸು ಬಿದ್ದೀತು ಬೇ!” ಎಂದು ಬಸವರಾಜ ಚೀರಿದ. “ಯಾ ಅಲ್ಲಾ!” ಎಂದು ಗೋಡೆಯ ಮೇಲಿಂದ ಖಾಜಾಬಿ. ಯಜಮಾನರು ಎರಡೂ ಕೈ ಚಾಚಿಕೊಂಡು ನನ್ನ ಸುತ್ತ ಒಂದು ಪ್ರದಕ್ಷಿಣೆ ಹಾಕಿದರು. ಅಷ್ಟು ಎತ್ತರದಿಂದ ಕೂಸು ಕೆಳಗೆ ನನ್ನ ಮುಖ ನೋಡಿತು. ಹೆದರಿ ಅಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ತೆರೆದು ನೋಡಿದರೆ ಹಲ್ಲಿಲ್ಲದ ಬಾಯನ್ನು ಅಷ್ಟಗಲ ಮಾಡಿ ನಗುತ್ತಿತ್ತು. ಮೆಲ್ಲಗೆ ಇಳಿಸಿ ಎದೆಗೆ ಅವುಚಿಕೊಂಡೆ. ಅದು ನನ್ನ ಕತ್ತಿನ ಹತ್ತಿರ ಉಸಿರಾಡಿತು. ಕಲ್ಲು ಇದೊಂದನ್ನು ನನಗೆ ರೂಢಿ ಮಾಡಿಸಿರಲಿಲ್ಲ.

“ತೊಟ್ಟಿಲಿಗೆ ಹಾಕು ಬೇ, ಹೆಸರು ಹೇಳ್ತೀನಿ,” ಎಂದಳು ನೀಲಾ ಸೆರಗು ಸರಿಮಾಡಿಕೊಳ್ಳುತ್ತ.

“ಹಾಕ್ತೀನಿ, ತಡಿ.”

ಎಲ್ಲರೂ ತಡೆದರು. ಮತ್ತೂ ತಡೆದರು.

“ಹಾಕ ಬೇ. ತೊಟ್ಟಿಲದಾಗ ಮಲಗಿದ ಮ್ಯಾಲೇ ಹೆಸರು ಇಳೀತೈತಿ ಅಂದಾಕಿ ನೀನ ಅಲ್ಲ? ನಿಮ್ಮವ್ವನ ಕಾಲದ ಶಾಸ್ತ್ರ?”

“ನಮ್ಮವ್ವಗೇನು ಗೊತ್ತಿತ್ತು? ನೀ ಹೇಳು, ಇಲ್ಲೇ ಹೇಳು,” ಎಂದೆ.

ನೀಲಾ ನನ್ನ ಹೆಗಲಿಗೆ ಬಾಗಿ, ಕೂಸಿನ ಕಿವಿಯಲ್ಲಿ ‘ಕುರ್ರ್’ ಎಂದು ಶಿವಲೀಲಾ ಎಂಬ ಹೆಸರು ಹೇಳಿದಳು. ಹೇಳಿದ್ದೇ ತಡ, ದೂರದೂರ ನಿಂತಿದ್ದವರೆಲ್ಲ ಎಲ್ಲಿದ್ದರೋ, ಒಮ್ಮೆಲೇ ಮೈಮೇಲೆ ಬಿದ್ದರು. ಶ್ವೇತಾ, ಖಾಜಾಬಿ, ಶಾಸ್ತ್ರದಲ್ಲಿ ಪಾಲೇ ಇಲ್ಲದ ಬಸವರಾಜ, ಗಿರಣಿಯ ಕೈಯ ಯಜಮಾನರು. ಗುದ್ದುಗಳು ಅರ್ಧ ನೀಲಾಳ ಬೆನ್ನಿಗೆ ಬಿದ್ದವು, ಅರ್ಧ ನನ್ನ ಬೆನ್ನಿಗೆ. ಯಾರ ಗುದ್ದು ಯಾವುದೆಂದು ನಾನು ತಿರುಗಿ ನೋಡಲಿಲ್ಲ, ಸಾಕೆನ್ನಲೂ ಇಲ್ಲ. ಕೂಸನ್ನು ಮಾತ್ರ ಕೆಳಗೆ ಇಳಿಸಲಿಲ್ಲ.