ಬಲ್ತಿ ಮೀನಿನ ಪಾಲು

ಬಲ್ತಿ ಮೀನಿಗೆ ನಾಚಿಕೆ ಎಂಬುದಿಲ್ಲ. ಯಾರೂ ಕರೆಯದಿದ್ದರೂ ಬರುತ್ತದೆ, ಬಂದ ಮೇಲೆ ಮನೆಯವರನ್ನೇ ಹೊರಗೆ ಹಾಕುತ್ತದೆ. ಅರಬ್ಬರು ಬಲ್ತಿ ಎನ್ನುವ ಇದನ್ನು ಮೈಸೂರು ಕಡೆಯವರು ಜಿಲೇಬಿ ಮೀನು ಎನ್ನುತ್ತಾರೆ. ಬಂಗುಡೆ, ಬೂತಾಯಿ ತಿಂದು ಬೆಳೆದ ನಾನು ಇದನ್ನು ಮೀನು ಎಂದೇ ಲೆಕ್ಕಕ್ಕೆ ಹಿಡಿದವನಲ್ಲ. ಸೌದಿಯ ಅಲ್ ಹಸಾದಲ್ಲಿ ಖರ್ಜೂರದ ತೋಟಗಳ ನಡುವಿನ ಕಾಲುವೆಗಳಲ್ಲಿ ಈಗ ಇದರದ್ದೇ ದರ್ಬಾರು. ಯಾರು ತಂದು ಬಿಟ್ಟರೆಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕತೆ ಹೇಳುತ್ತಾರೆ.

ಆದರೆ ಒಂದು ತೋಟದ ತೊಟ್ಟಿಗೆ ಬಿಟ್ಟವರು ಯಾರೆಂದು ನನಗೆ ಚೆನ್ನಾಗಿ ಗೊತ್ತು. ನನ್ನ ರೂಮಿನಲ್ಲಿದ್ದ ಬೆಳ್ತಂಗಡಿಯವನು. ನಾವಿಬ್ಬರೂ ಅಲ್ಲಿನ ಒಂದೇ ಅಂಗಡಿಯಲ್ಲಿ ಪಂಪು ರಿಪೇರಿಯ ಕೆಲಸಕ್ಕಿದ್ದೆವು. ಒಬ್ಬ ಅರಬ್ಬಿ ಅಜ್ಜನ ತೋಟಕ್ಕೆ ಪಂಪು ನೋಡಲು ಹೋದವನು, ಅಲ್ಲಿನ ದೊಡ್ಡ ಕಲ್ಲಿನ ತೊಟ್ಟಿಯಲ್ಲಿ ಪಾಚಿ ಕಂಡು, ಕಾಲುವೆಯಿಂದ ನಾಲ್ಕು ಬಲ್ತಿ ಹಿಡಿದು ತಂದು ಬಿಟ್ಟ.

“ನಮ್ಮಲ್ಲಿ ಬಾವಿಗೆ ಮೀನು ಬಿಡುದಿಲ್ವಾ ಮಾರಾಯ? ನೀರು ಚೊಕ್ಕ ಇರ್ತದೆ,” ಎಂದು ರೂಮಿಗೆ ಬಂದು ಹೆಮ್ಮೆಯಿಂದ ಹೇಳಿದ್ದ. ಪಾಪ, ಉಪಕಾರವೆಂದೇ ಮಾಡಿದ್ದು.

ಉಪಕಾರ ಮಾಡಿದವನು ಕೆಲಸ ಬಿಟ್ಟು, ವೀಸಾಕ್ಕೆ ಎಕ್ಸಿಟ್ ಹೊಡೆಸಿಕೊಂಡು ಊರು ಸೇರಿದ. ಒಂದು ದಿನ ಅಜ್ಜ ಅಂಗಡಿಗೆ ಬಂದರು. ಅವರ ತೊಟ್ಟಿಯಲ್ಲಿ ಮೊದಲು ಬೆರಳುದ್ದದ ಮೀನುಗಳಿದ್ದವಂತೆ, ಅವರ ಅಜ್ಜನ ಕಾಲದಿಂದಲೂ. ನೀರಿಗೆ ಕಾಲಿಟ್ಟರೆ ಬಂದು ಕಚಗುಳಿಯಿಡುತ್ತಿದ್ದವಂತೆ. ಈಗ ಒಂದೂ ಇಲ್ಲ, ಬರೀ ಬಲ್ತಿ. ಪಕ್ಕದ ತೋಟದ ಕೊಳದಲ್ಲಿ ಆ ಸಣ್ಣ ಮೀನು ಇನ್ನೂ ಉಳಿದಿದೆ, ತನ್ನ ತೊಟ್ಟಿ ಚೊಕ್ಕವಾದರೆ ಅಲ್ಲಿಂದ ತಂದು ಬಿಡಬಹುದು ಎಂದರು. ಆಮೇಲೆ ನನ್ನ ಕಡೆ ಬೆರಳು ತೋರಿಸಿ, “ನಿಮ್ಮವನು ಹಾಕಿದ್ದು. ನೀನು ತೆಗಿ,” ಎಂದರು.

ಒಳ್ಳೆ ಕತೆಯಾಯಿತಲ್ಲ, ತಿಂದವನೊಬ್ಬ, ಕೈ ತೊಳೆಯುವವನು ಇನ್ನೊಬ್ಬ. ಗೊಣಗುತ್ತಲೇ ಹೋದೆ. ಶುಕ್ರವಾರ ಜುಮಾ ನಮಾಜು ಮುಗಿಸಿ, ಗಾಳಕ್ಕೆ ಖುಬ್ಬೂಸ್ ರೊಟ್ಟಿಯ ತುಂಡು ಸಿಕ್ಕಿಸಿ ಕೂತೆ. ಬಲೆ ತರಲೇ ಎಂದರೆ ಅಜ್ಜ ಬೇಡವೆಂದರು, ಗಾಳವೇ ಸಾಕಂತೆ. ತೊಟ್ಟಿ ಬತ್ತಿಸೋಣವೆಂದರೆ ಅದೂ ಬೇಡ, ಮರಗಳಿಗೆ ನೀರು ಬೇಕು. ಹಿಡಿದದ್ದರಲ್ಲಿ ಅರ್ಧವನ್ನು ಬಕೆಟಿನ ನೀರಲ್ಲಿ ಜೀವಂತವಾಗಿ ಅವರ ಮುಂದೆ ಇಟ್ಟೆ. ಕೆರೆಯವನಿಗೆ ಪಾಲು ಕೊಡದೆ ಮೀನು ಒಯ್ಯುವುದು ನಮ್ಮ ಕಡೆಯ ಮರ್ಯಾದೆಯಲ್ಲ. ಅಜ್ಜ ಒಂದು ಕ್ಷಣ ಬಕೆಟನ್ನು ನೋಡಿ, ಒಳ್ಳೆಯದು ಎಂದು ಎತ್ತಿಟ್ಟುಕೊಂಡರು.

ಗೊಣಗಾಟ ಎಷ್ಟು ದಿನ? ಪ್ರತಿ ಶುಕ್ರವಾರ ಹೋಗುವುದೇ ರೂಢಿಯಾಯಿತು. ಮೊದಲು ನಾನು ಖೋಬರಿನಲ್ಲಿ ಕೆಲಸಕ್ಕಿದ್ದಾಗ ನನ್ನೊಟ್ಟಿಗೇ ಇದ್ದ ಹೆಂಡತಿ ಮಕ್ಕಳು, ದೊಡ್ಡವಳ ಕಾಲೇಜಿಗೆಂದು ಮಂಗಳೂರಿಗೆ ಹೋಗಿ ನೆಲೆಸಿದ್ದರು. ಬೆಳ್ತಂಗಡಿಯವನ ಮಂಚ ಖಾಲಿ. ರಜೆಯ ದಿನ ಬೆಳಿಗ್ಗೆ ಎದ್ದರೆ ಎ.ಸಿ.ಯ ಸದ್ದು ಬಿಟ್ಟರೆ ಇನ್ನೊಂದು ಸದ್ದಿಲ್ಲ. ಊರಿಗೆ ಫೋನ್ ಮಾಡಿದರೆ, “ಊಟ ಆಯ್ತಾ?” “ಆಯ್ತು.” “ಮತ್ತೆಂತ?” “ಮತ್ತೇನಿಲ್ಲ.” ಅಲ್ಲಿಗೆ ಮಾತು ಮುಗಿಯುತ್ತಿತ್ತು. ನನಗೆ ಒಂಟಿತನ ಎಷ್ಟಿತ್ತೆಂದರೆ ಅಂಗಡಿಗೆ ಬಂದ ಗಿರಾಕಿಯನ್ನು ಸುಮ್ಮನೆ ಮಾತಿಗೆಳೆದು ನಿಲ್ಲಿಸಿಕೊಳ್ಳುತ್ತಿದ್ದೆ.

ಅಜ್ಜನೂ ಹೆಚ್ಚು ಮಾತಿನವರಲ್ಲ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳು ರಿಯಾದಿನಲ್ಲಿ. ಗಹವಾ ಕಾಫಿ ಕಾಯಿಸಿ, ಖರ್ಜೂರದ ತಟ್ಟೆ ನನ್ನ ಕಡೆ ತಳ್ಳಿ, ಗಾಳವನ್ನೇ ನೋಡುತ್ತ ಕೂರುತ್ತಿದ್ದರು. ನನ್ನ ಹರಕುಮುರುಕು ಅರಬ್ಬಿಗೆ ಒಮ್ಮೊಮ್ಮೆ ನಗುತ್ತಿದ್ದರು. ನಾನು ರೂಮಿಗೆ ಮರಳಿ, ಕೆಸರು ವಾಸನೆ ಹೋಗಲೆಂದು ಹುಳಿ ಮೆಣಸು ಜಾಸ್ತಿ ಹಾಕಿ ಸಾರು ಮಾಡಿ, ಒಬ್ಬನೇ ಉಣ್ಣುತ್ತಿದ್ದೆ. ಚಳಿಗಾಲ ಕಳೆಯಿತು, ಬೇಸಿಗೆ ಕಳೆಯಿತು, ಮತ್ತೊಂದು ಚಳಿಗಾಲ ಬಂತು. ಬಲ್ತಿ ಮಾತ್ರ ಮುಗಿಯಲಿಲ್ಲ. ಮುಗಿಯದಿರಲಿ ಎಂದು ಒಳಗೊಳಗೇ ನನಗೂ ಇತ್ತು. ಕೆಲಸವಿಲ್ಲದೆ ಇನ್ನೊಬ್ಬರ ಅಂಗಳಕ್ಕೆ ಹೋಗಿ ಕೂರುವ ಜಾತಿಯವನಲ್ಲ ನಾನು.

ಒಂದು ವಾರ ದೊಡ್ಡದೊಂದು ಬಲ್ತಿ ಗಾಳವನ್ನು ನುಂಗಿಯೇ ಬಿಟ್ಟಿತು. ಬಿಡಿಸಲಾಗದೆ ಹಸಿರು ದಾರವನ್ನು ಕತ್ತರಿಸಿ, “ಬಾಬಾ, ಕುಯ್ಯುವಾಗ ಜಾಗ್ರತೆ, ಒಳಗೆ ಗಾಳ ಉಂಟು,” ಎಂದು ಅಜ್ಜನ ಬಕೆಟಿಗೆ ಹಾಕಿದೆ. ಮುಂದಿನ ಶುಕ್ರವಾರ ಒಂದು ಮೀನು ಎಳೆದೆ, ಅದರ ಬಾಯಿಂದ ಹಸಿರು ದಾರದ ತುಂಡು ನೇತಾಡುತ್ತಿತ್ತು.

“ಬಾಬಾ, ಇದು ಹೋದ ವಾರದ ನಿಮ್ಮ ಪಾಲಲ್ವಾ?”

“ಹೌದು.”

“ತಿನ್ನಲಿಲ್ವಾ?”

“ಬಲ್ತಿ ನಾನು ತಿನ್ನುವುದಿಲ್ಲ. ಇವತ್ತಿನವರೆಗೆ ಒಂದೂ ತಿಂದಿಲ್ಲ.”

“ಮತ್ತೆ ನಾನು ಕೊಟ್ಟದ್ದೆಲ್ಲ?”

ಅಜ್ಜ ತೊಟ್ಟಿಯ ಕಡೆ ಕೈ ತೋರಿಸಿದರು. ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಉರಿಬಿಸಿಲಿನಲ್ಲಿ ಕತ್ತು ಸುಟ್ಟುಕೊಂಡು ಕೂತವನು ನಾನು. ಎಂತಕ್ಕೆ ಹೀಗೆ ಮಾಡಿದ್ರಿ ಎಂದು ಸ್ವಲ್ಪ ಗಟ್ಟಿಯಾಗಿಯೇ ಕೇಳಿದೆ.

ಅವರು ನನ್ನ ಮುಖ ನೋಡಲಿಲ್ಲ. “ಮೀನು ಮುಗಿದರೆ ನೀನು ಬರುತ್ತೀಯಾ?” ಎಂದರು.

ನಾನು ಬರಲಿ ಎಂದು ಕಾಯುವವರು ಈ ದೇಶದಲ್ಲಿ ಒಬ್ಬರಾದರೂ ಇದ್ದಾರೆಂದು ನನಗೆ ಗೊತ್ತಿರಲಿಲ್ಲ. “ಬರ್ತೇನೆ ಬಾಬಾ. ಮೀನಿಲ್ಲದಿದ್ದರೂ ಬರ್ತೇನೆ,” ಎಂದೆ. ಇಷ್ಟನ್ನು ಹೇಳಲು ಇಬ್ಬರು ಗಂಡಸರಿಗೆ ಎರಡು ಚಳಿಗಾಲ ಬೇಕಾಯಿತು ನೋಡಿ.

ಮರುವಾರ ಬಲೆ ತಂದೆ. ಪಾಲುಗೀಲು ಏನಿಲ್ಲ, ಸಿಕ್ಕಿದ್ದನ್ನೆಲ್ಲ ನಾನೇ ಹೊತ್ತೊಯ್ದು ಬಂಗಾಳಿಗಳ ರೂಮಿಗೆ ಕೊಟ್ಟೆ. ಬೇಸಿಗೆ ಮುಗಿಯುವ ಹೊತ್ತಿಗೆ ತೊಟ್ಟಿಯಲ್ಲಿ ಒಂದು ಬಲ್ತಿಯೂ ಉಳಿಯಲಿಲ್ಲ. ಆ ಶುಕ್ರವಾರ ಅಜ್ಜ ಇಸ್ತ್ರಿ ಮಾಡಿದ ಬಿಳಿ ನಿಲುವಂಗಿ ತೋಬು ತೊಟ್ಟು, ಬಕೆಟ್ ಹಿಡಿದು ನನಗಾಗಿ ಕಾಯುತ್ತಿದ್ದರು. ಇಬ್ಬರೂ ಪಕ್ಕದ ತೋಟಕ್ಕೆ ನಡೆದೆವು.

ಕೊಳದ ಅಂಚಿಗೆ ಬಗ್ಗಿದರೆ ಕಪ್ಪು ಬೆನ್ನುಗಳು ಸರಕ್ಕನೆ ಸರಿದವು. ಬಲ್ತಿ. ಅಜ್ಜ ಸುತ್ತ ನಡೆದು ಕಲ್ಲು ಕಲ್ಲಿನ ಸಂದು ನೋಡಿದರು. ಸಣ್ಣ ಮೀನು ಎಲ್ಲಿ ಎಂದು ಅಲ್ಲಿಯ ಕೆಲಸದವನನ್ನು ಕೇಳಿದೆವು.

“ಹೋದ ವರ್ಷದವರೆಗೆ ತುಂಬ ಇತ್ತು,” ಎಂದ. “ಈಗಿಲ್ಲ. ಎಲ್ಲ ಇವು ತಿಂದವು.”

ಹೋದ ವರ್ಷ ನಾವು ಗಾಳ ಹಾಕಿಕೊಂಡು ಕೂತಿದ್ದೆವು. ನಾನು ಹಿಡಿಯುತ್ತಿದ್ದೆ, ಅವರು ಬಿಡುತ್ತಿದ್ದರು. ಮರಳುವ ದಾರಿಯಲ್ಲಿ ಖಾಲಿ ಬಕೆಟ್ ನಾನು ಹಿಡಿದುಕೊಂಡೆ. ಏನಾದರೂ ಹೇಳಬೇಕೆಂದು, “ಬಾಬಾ, ಬೇರೆ ಕಡೆ ಹುಡುಕುವ, ಎಲ್ಲಾದರೂ ಇರ್ತದೆ,” ಎಂದೆ.

“ಇಲ್ಲ. ಇದ್ದದ್ದು ಇಲ್ಲೇ,” ಎಂದರು. ತೋಟದ ಗೇಟಿನವರೆಗೂ ನನ್ನೊಟ್ಟಿಗೇ ನಡೆದು ಬಂದರು. ನಾನು ಕಾರಿನ ಬಾಗಿಲು ತೆರೆದಾಗ ಹತ್ತಿರ ಬಂದು ನಿಂತು, “ಶುಕ್ರವಾರ ಬರ್ತೀಯಲ್ಲ?” ಎಂದು ಕೇಳಿದರು.